ಮಾಸ್ಕಿನೊಳಗಿನ ಸೀಟಿ

ಇನ್ನೊಂದು ದೂರು ಬಂದರೆ ನಾಳೆಯಿಂದ ಬರಬೇಡ ಎಂದು ಸೂಪರ್‌ವೈಸರ್ ಹೇಳಿ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಪಾರ್ಕಿನ ಕಾವಲುಗಾರನ ಕಣ್ಣೆದುರಿಗೇ ಎರಡು ಗುಂಪುಗಳು ಅಡ್ಡಡ್ಡ ನಿಂತವು. ಪೂರ್ತಿ ತಪ್ಪು ಅವರದು ಅನ್ನುವಂತೆಯೂ ಇರಲಿಲ್ಲ. ಗೇಟಿಗೆ ಅಂಟಿಸಿದ್ದ ಹಳೇ ಸೂಚನೆಯ ಪ್ರಕಾರ ಎಲ್ಲರೂ ಎಡಗಡೆಯಿಂದ ಸುತ್ತಬೇಕು, ನಿನ್ನೆ ಬಂದ ಹೊಸದರ ಪ್ರಕಾರ ಬಲಗಡೆಯಿಂದ. ಹಳೆಯದನ್ನು ಕೀಳಲು ಯಾರಿಂದಲೂ ಆದೇಶ ಬಂದಿಲ್ಲ. ಹಾಗಾಗಿ ಅರ್ಧ ಜನ ಹಾಗೆ, ಅರ್ಧ ಜನ ಹೀಗೆ ಸುತ್ತಿ, ಪ್ರತಿ ಸುತ್ತಿಗೂ ಎರಡು ಸಲ ಎದುರುಬದುರಾಗಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಆರಡಿ ಅಂತರದ ಬಗ್ಗೆ ಜಗಳವಾಡುತ್ತಿದ್ದರು.

ಲಾಕ್‌ಡೌನಿನಲ್ಲಿ ಅರವತ್ತೈದು ದಿನ ಪಾರ್ಕಿಗೆ ಬೀಗ ಬಿದ್ದಿತ್ತು. ಅಷ್ಟೂ ದಿನ ಅವನೂ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ. ಮೊನ್ನೆ ಬಾಗಿಲು ತೆರೆದಾಗ ಉತ್ಸಾಹದಲ್ಲಿ, ದೂರ ದೂರ ನಡೀರಿ ಎಂದು ಕೂಗಿದ. ಕೂಗಿದರೆ ಎಂಜಲು ಹಾರುತ್ತದೆ ಎಂದು ದೂರು ಬಂತು. ಸೂಪರ್‌ವೈಸರ್ ಸೀಟಿ ಕೊಟ್ಟು, ಬಾಯಿ ಬಿಡಬೇಡ, ಊದು ಎಂದ. ನಿನ್ನೆ ಊದಿದ. ಊದಬೇಕೆಂದರೆ ಮಾಸ್ಕ್ ಇಳಿಸಲೇಬೇಕಲ್ಲ. ಅದನ್ನು ಟ್ರ್ಯಾಕ್‌ಸೂಟಿನ ಸಾಹೇಬರೊಬ್ಬರು ಮೊಬೈಲಿನಲ್ಲಿ ಹಿಡಿದು ಆಫೀಸಿಗೆ ಕಳಿಸಿದರು. ಕಳಿಸುವಾಗ ಅವರ ಮಾಸ್ಕು ಅವರ ಗಲ್ಲದ ಕೆಳಗೆ ಜೋತಾಡುತ್ತಿತ್ತು. ಹೀಗೆ ಎರಡು ದಿನಕ್ಕೆ ಎರಡು ದೂರು. ಬೆಳಿಗ್ಗೆ ಹೊರಡುವಾಗ ಹೆಂಡತಿ, "ರೀ, ಇವತ್ತೊಂದಿನ ಬಾಯಿ ಮುಚ್ಕೊಂಡಿರಿ. ಈ ಕೆಲಸ ಹೋದ್ರೆ ನಿಮ್ಮ ಬಾಯಿಂದಲೇ ಹೋಗೋದು" ಎಂದಿದ್ದಳು.

ಸೂಪರ್‌ವೈಸರ್ ಮಾತ್ರ ರಾತ್ರಿಯೆಲ್ಲ ತಲೆ ಓಡಿಸಿ ಒಂದು ಉಪಾಯ ತಂದಿದ್ದ. ಸೀಟಿಯನ್ನು ಮಾಸ್ಕಿನ ಒಳಗೇ ಇಟ್ಟುಕೊಂಡು ಊದಬೇಕು. ಅಲ್ಲಿಗೆ ಮಾಸ್ಕೂ ಉಳಿಯಿತು, ಸೀಟಿಯೂ ಉಳಿಯಿತು. ಒಳಗಿಟ್ಟುಕೊಂಡರೆ ಸದ್ದೇ ಬರೋದಿಲ್ಲವಲ್ಲ ಸರ್ ಎಂದು ಕಾವಲುಗಾರ ತಲೆ ಕೆರೆದುಕೊಂಡ.

"ಸದ್ದು ಬರಬೇಕು ಅಂತ ಆದೇಶದಲ್ಲಿ ಎಲ್ಲಿದೆ? ಊದಬೇಕು ಅಂತಿದೆ. ಊದು."

ಊದಿದ. ಈಗ ಜಗಳದ ಗುಂಪಿನ ಹತ್ತಿರ ಹೋಗಿ ಕೆನ್ನೆ ಉಬ್ಬಿಸಿ ಊದಿದ. ಮೂರು ಪದರದ ಬಟ್ಟೆಯೊಳಗೆ ಸಿಕ್ಕಿಬಿದ್ದ ಸೀಟಿ ಸುಂಯ್ ಎಂದಿತು, ಅಷ್ಟೇ. ಯಾರೊಬ್ಬರೂ ತಿರುಗಿ ನೋಡಲಿಲ್ಲ. ಹಾಳಾಗಿ ಹೋಗಲಿ ಎಂದು ಈಚೆ ತಿರುಗಿದರೆ, ಯಾರೂ ಕೂರದಿರಲೆಂದು ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದ ಬೆಂಚಿನ ಮೇಲೆ ಒಬ್ಬ ಅಜ್ಜಿ ಆರಾಮವಾಗಿ ಕೂತಿದ್ದರು. ಪಟ್ಟಿಯ ಕಡೆ ಬೆರಳು ತೋರಿಸಿ ಊದಿದ. ಕೂತಿಲ್ಲಪ್ಪಾ, ಮಂಡಿ ನೋವು, ಸುಮ್ಮನೆ ಒರಗಿದೀನಿ ಎಂದರು ಅಜ್ಜಿ. ಅವನು ಮತ್ತೂ ಹತ್ತಿರ ಹೋಗಿ ಊದಿದ. ಅಜ್ಜಿಯ ಮುಖದಲ್ಲಿ ನಿಜವಾದ ಕನಿಕರ ಮೂಡಿತು.

"ಏನಪ್ಪಾ, ಎದೆ ಹೀಗೆ ಸುಂಯ್‌ಗುಡ್ತಾ ಇದೆ? ಎಷ್ಟು ದಿನದಿಂದ?"

ಇಲ್ಲ ಅಜ್ಜಿ, ಇದು ಸೀಟಿ ಎನ್ನಹೋದ. ಹಲ್ಲಿನ ನಡುವೆ ಸೀಟಿ ಇತ್ತು, ಹೇಳಿದ್ದೆಲ್ಲ ಸುಂಯ್ ಸುಂಯ್ ಎಂದೇ ಹೊರಬಿತ್ತು. ಒಂದು ಸುತ್ತಿಗೇ ಸೋತಿದ್ದ ಅಜ್ಜಿಯ ಮಂಡಿಗೆ ಎಲ್ಲಿಂದ ಶಕ್ತಿ ಬಂತೋ, ಎದ್ದವರು ಹಿಂದೆ ತಿರುಗಿ ನೋಡದೆ ಗೇಟು ದಾಟಿದರು. ಈಗ ಎರಡೂ ಗುಂಪಿನವರು ಜಗಳ ಮರೆತು ಇವನ ಕಡೆ ತಿರುಗಿದರು. ಮಾಸ್ಕ್ ಎಳೆದು ಸೀಟಿ ತೋರಿಸಿದರೆ ಮುಗಿಯಿತು ಎಂದು ಅವನು ಕೈ ಎತ್ತಿದ. ಎದುರಿಗೆ ಟ್ರ್ಯಾಕ್‌ಸೂಟಿನ ಸಾಹೇಬರ ಮೊಬೈಲು ಮೇಲೆದ್ದಿತ್ತು. ಎತ್ತಿದ ಕೈ ಅಲ್ಲೇ ನಿಂತಿತು. ಇಳಿಸಿದರೆ ಮೂರನೇ ದೂರು, ಇಳಿಸದಿದ್ದರೆ ರೋಗಿ. ಸಿಟ್ಟಿಗೂ ಹೆದರಿಕೆಗೂ ಒಟ್ಟಿಗೇ ಬೆವರು ಕಿತ್ತುಕೊಂಡು ಬಂತು. ನೋಡಿ, ಬೆವರ್ತಾ ಬೇರೆ ಇದಾನೆ ಎಂದರು ಯಾರೋ. ಆಗಿದ್ದಾಗಲಿ ಎಂದು ಕೊನೆಗೂ ಮಾಸ್ಕಿಗೆ ಕೈ ಹಾಕಿದ.

"ಅದೊಂದು ತೆಗೀಬೇಡ ಮಾರಾಯ" ಎಂದು ಹಿಂದೆ ಹಿಂದೆ ಸರಿದ ಸಾಹೇಬರು, ಮೂರು ದಿನದಲ್ಲಿ ಮೊದಲ ಸಲ ತಮ್ಮ ಮಾಸ್ಕನ್ನು ಮೂಗಿನವರೆಗೆ ಎಳೆದುಕೊಂಡರು.

ಸೂಪರ್‌ವೈಸರ್ ಓಡಿಬರುವಷ್ಟರಲ್ಲಿ ಆಫೀಸಿಗೆ ಹನ್ನೊಂದು ಫೋನು ಹೋಗಿದ್ದವು. ಕಾವಲುಗಾರ ಮಾಸ್ಕಿನ ಅಡಿಯಿಂದ ಸೀಟಿಯನ್ನು ಅಂಗೈಗೆ ಜಾರಿಸಿ ಅವನ ಮುಂದೆ ಹಿಡಿದ. ನೀವೇ ಹೇಳಿದ್ದಲ್ಲವಾ ಸರ್ ಎಂದ.

"ಅದು ಸೀಟಿ ಅಂತ ನಂಗೊತ್ತಿಲ್ವೇನಯ್ಯಾ? ಆದ್ರೆ ಉಸಿರಾಟದ ತೊಂದರೆ ಅಂತ ದೂರು ಬಂದ್ರೆ ಹದಿನಾಲ್ಕು ದಿನ ಮನೆಗೆ ಕಳಿಸಬೇಕು, ಆ ಜಾಗಕ್ಕೆ ಬೇರೆಯವರನ್ನ ಹಾಕಬೇಕು, ಹಂಗಿದೆ ನಿಯಮ. ಸೀಟಿಯಾಗಿದ್ರೆ ಏನ್ ಮಾಡ್ಬೇಕು ಅಂತ ಬರೆದಿಲ್ಲ."

ಇಷ್ಟನ್ನು ಸೂಪರ್‌ವೈಸರ್ ದೂರದಿಂದಲೇ ಹೇಳಿದ. ಆಫೀಸಿನ ಸೀಟಿಯನ್ನು ಕೈಗೆ ತೆಗೆದುಕೊಳ್ಳದೆ, ಬೆಂಚಿನ ಮೇಲಿಟ್ಟು ಹೋಗು ಎಂದ.

ಕಾವಲುಗಾರ ಸೀಟಿ ಇಟ್ಟು ಗೇಟಿನ ಕಡೆ ನಡೆದ. ಹೆಂಡತಿಗೆ ಏನು ಹೇಳುವುದು ಎಂದೇ ತೋಚಲಿಲ್ಲ, ಬಾಯಿ ಮುಚ್ಚಿಕೊಂಡೇ ಇದ್ದನಲ್ಲ. ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದ. ಅವನು ಹೋಗಲೆಂದು ಕಾಯುತ್ತಾ, ದಾರಿಯ ಅಂಚಿನಲ್ಲಿ ಎಲ್ಲರೂ ಒಂದೇ ಸಾಲಾಗಿ, ಒಂದೇ ಕಡೆ ಮುಖ ಮಾಡಿ, ಆರಾರು ಅಡಿಗೊಬ್ಬರಂತೆ, ಮೂಗು ಮುಚ್ಚಿಕೊಂಡು, ಉಸಿರೆತ್ತದೆ ನಿಂತಿದ್ದರು.