ಉಷಾರಾಣಿಯ ಪ್ರಾಕ್ಟಿಕಲ್ ಪರೀಕ್ಷೆ

“ಸ್ಟಾರ್ಟ್ ಮಾಡಮ್ಮ,” ಎಂದರು ಪಂಚಾಕ್ಷರಪ್ಪ, ಮೂರನೆಯ ಸಲ.

ಉಷಾರಾಣಿ ಕೈ ಹಿಂದೆ ಕಟ್ಟಿಕೊಂಡೇ ನಿಂತಳು.

ನ್ಯಾಮತಿ ಹೊರಗಿನ ಪುಟ್ಟ ಮರೈನ್ ಕಾಲೇಜಿನಲ್ಲಿ ಅಂದು ಕೊನೆಯ ಪರೀಕ್ಷೆ. ಸಮುದ್ರ ನೋಡಲು ಘಟ್ಟ ಇಳಿಯಬೇಕಾದ ಊರಿನಲ್ಲಿ ಹಡಗಿನ ಇಂಜಿನ್ ಕಲಿಸುತ್ತಾರಂತೆ ಎಂದು ಜನ ನಗುತ್ತಿದ್ದರು. ಪಾಠ ಹೇಳಿ ಪರೀಕ್ಷೆಯನ್ನೂ ಮಾಡುವ ಪಂಚಾಕ್ಷರಪ್ಪ ಚನ್ನಗಿರಿ ಊರಿನವರು, ಮೂವತ್ತು ವರ್ಷ ಹಡಗಿನಲ್ಲಿ ದುಡಿದವರು. ಬೆಳಿಗ್ಗೆ ಇಂಜಿನ್ನಿನ ದೊಡ್ಡ ಚಕ್ರಕ್ಕೆ ಸರಳು ಸಿಕ್ಕಿಸಿ ತಾವೇ ತಿರುಗಿಸಿ ತೋರಿಸಿ, “ಸ್ಟಾರ್ಟ್ ಮಾಡೋ ಮುಂಚೆ ಸುತ್ತ ಕಣ್ಣಾಡಿಸಬೇಕು. ಕುರುಡರಿಗೆ ಹಡಗಿನಾಗೆ ಜಾಗ ಇಲ್ಲ,” ಎಂದು ಗದರಿದ್ದರು.

ಜಗಳೂರಿನ ಈ ಹುಡುಗಿಯನ್ನು ಇಲ್ಲಿಗೆ ಸೇರಿಸಿದ್ದೂ ಅವರೇ. ಮನೆಯವರು ಒಪ್ಪದಿದ್ದಾಗ ಬಸ್ಸು ಹಿಡಿದು ಹೋಗಿ ಮಗಳನ್ನು ಹಡಗು ಹತ್ತಿಸುತ್ತೇನೆಂದು ತಾಯಿ ಭೀಮಕ್ಕನಿಗೆ ಮಾತು ಕೊಟ್ಟು ಬಂದಿದ್ದರು. ಇವತ್ತು ಪಾಸಾದರೆ ಮುಂದಿನ ತಿಂಗಳು ಹಡಗು ಹತ್ತುತ್ತಾಳೆ. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ. ಹೆಮ್ಮೆಯಿಂದ ಮೊದಲು ಅವಳ ಹೆಸರನ್ನೇ ಕರೆದಿದ್ದರು.

ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಹುಡುಗರು ಮುಸಿಮುಸಿ ನಕ್ಕರು.

“ಸಾರ್, ಸ್ವಲ್ಪ ಆ ಕಡೆ ಸರೀರಿ,” ಎಂದಳು ಉಷಾರಾಣಿ ಮೆಲ್ಲಗೆ. “ನೀವು ಅಲ್ಲಿ ನಿಂತ್ರೆ ನಂಗೆ ಮಾಡಾಕೆ ಆಗಲ್ಲ.”

“ನಾನು ನಿಂತ್ರೆ ಕೈ ನಡುಗತೈತಾ? ನಾಳೆ ಹಡಗಿನಾಗೆ ಎಲ್ಲರನ್ನೂ ಸಮುದ್ರಕ್ಕೆ ಇಳಿಸ್ತೀಯೇನು?”

“ಒಂದ್ನಿಮಿಷ ಎಲ್ರೂ ಹೊರಗೆ ಹೋದ್ರೆ...”

ಅಲ್ಲಿಗೆ ಅವರ ತಾಳ್ಮೆ ಮುಗಿಯಿತು. ಹಾಳೆಯ ಮೇಲೆ ‘ಫೇಲ್’ ಎಂದು ಬರೆದು ಸಹಿ ಹಾಕಿದರು. ನಗುವವರ ಮುಂದೆ ಎಡವಿ ಬಿದ್ದಂತಾಯಿತು. ಮಾನ ಹೋಯಿತು, ಭೀಮಕ್ಕನಿಗೆ ಯಾವ ಮುಖ ತೋರಿಸುವುದು?

ಉಷಾರಾಣಿ ಇಂಜಿನ್ನಿನ ಹಿಂದೆ ಬಗ್ಗಿ ಕೂತಳು. ಅಳುತ್ತಿದ್ದಾಳೆಂದು ಎಲ್ಲರೂ ಮುಖ ತಿರುಗಿಸಿದರು. ಆಮೇಲೆ ಚೀಲ ಹೆಗಲಿಗೇರಿಸಿ ಹೊರಟುಹೋದಳು. ಮುಂದಿನವನು ವಿನೋದ್. ಅವನು ಒಂದೇ ಏಟಿಗೆ ಇಂಜಿನ್ ಸ್ಟಾರ್ಟ್ ಮಾಡಿದ. ಪಂಚಾಕ್ಷರಪ್ಪನವರಿಗೆ ಇನ್ನಷ್ಟು ನಾಚಿಕೆಯಾಯಿತು.

ಸಂಜೆ ಹೊತ್ತಿಗೆ ಫಲಿತಾಂಶ ಹಡಗು ಕಂಪನಿಗೆ ಹೋಗಿಯಾಗಿತ್ತು. ಅವರು ಬೈಕ್ ಹತ್ತುವಾಗ ವಿನೋದ್ ಬಂದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೊಳದುದ್ದದ ಕಬ್ಬಿಣದ ಸರಳೊಂದನ್ನು ಅವರ ಕೈಗಿತ್ತ.

“ಉಷಾರಾಣಿ ಕೊಟ್ಲು ಸಾರ್. ಬೆಳಿಗ್ಗೆ ಚಕ್ರ ತಿರುಗಿಸಿ ನೀವು ಇದನ್ನ ಅದರಾಗೇ ಬಿಟ್ಟಿದ್ರಂತೆ. ಅವಳು ಸ್ಟಾರ್ಟ್ ಮಾಡಿದ್ರೆ ಹಾರಿ ಬಂದು ನಿಮಗೇ ಬಡೀತಿತ್ತು. ನಾಲ್ಕು ಜನರ ಮುಂದೆ ಗುರುಗಳ ತಪ್ಪು ಹೆಂಗೆ ಹೇಳಲಿ ಅಂದ್ಲು.”