ಆ ಒಂದು ಮತ

ದೇವರ ಹೆಸರಿನಲ್ಲಿ ಹುಟ್ಟಿ, ಎಡಕ್ಕೂ ಬಲಕ್ಕೂ ವಾಲದೆ ನಡೆದ ಪಕ್ಷ ಅದು. ಒಂದು ಕಾಲಕ್ಕೆ ಅದರ ಅಧ್ಯಕ್ಷರು ಹುಬ್ಬೇರಿಸಿದರೆ ಸರ್ಕಾರವೇ ಮಗ್ಗುಲು ಬದಲಿಸುತ್ತಿತ್ತು. ಈ ಸಲ ಅವರ ಸ್ವಂತ ಬೂತಿನಲ್ಲೇ ಪಕ್ಷಕ್ಕೆ ಬಿದ್ದದ್ದು ಒಂದೇ ಒಂದು ಮತ!

ಅವರು ಹಲ್ಲು ಕಡಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ಊರು ಬಿಟ್ಟವು. ಮನೆಮಂದಿ, ಕಾರ್ಯಕರ್ತರೆಲ್ಲ ಪಡಸಾಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ಆ ಒಂದು ನಂದು! ಉಳಿದೋರೆಲ್ಲ ಉಂಡ ಮನೆಗೆ ಎರಡು ಬಗೆದ್ರಲ್ರೋ! ಅಲ್ಲ ಅನ್ನೋರು ಬನ್ನಿ, ದೇವರ ದೀಪ ಮುಟ್ಟಿ ಆಣೆ ಮಾಡಿ!"

ಯಾರೂ ಅಲುಗಲಿಲ್ಲ. ಅಧ್ಯಕ್ಷರ ಅಕ್ಕ ಮಾತ್ರ ಸೆರಗು ಬಿಗಿದುಕೊಂಡು ಬಂದು ದೀಪ ಮುಟ್ಟಿದರು.

"ದೇವರಾಣೆಗೂ ಆ ಒಂದು ಓಟು ನಂದು ಕಣೋ ತಮ್ಮಾ. ಎಲ್ಲಿ, ಈಗ ನೀನು ಮುಟ್ಟು."

ಅಧ್ಯಕ್ಷರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಅಕ್ಕಾ, ರಾಜಕೀಯಕ್ಕೆಲ್ಲ ದೇವರನ್ನ ಎಳೀಬಾರ್ದು."