ಹಣ್ಣುನೊಣದ ಮದ್ದು

ಮಾವಿನ ತೋಟದ ಯಜಮಾನ ನನ್ನ ಕುತ್ತಿಗೆಗೆ ಮಚ್ಚು ಹಿಡಿದ.

"ನೊಣ ಸಾಯ್ತವೆ ಅಂದ್ಯಲ್ಲಮ್ಮ? ನಿನ್ನ ಮದ್ದಿಗೆ ಬಂದು ಮುತ್ಕೊಳ್ತವೆ, ಆರಾಮಾಗಿ ಹಾರಿಹೋಗ್ತವೆ. ಫಸಲೆಲ್ಲ ಹುಳ!"

ಮದ್ದು ತಯಾರಿಸಿದವಳು ನಾನೇ. ನೊಣವನ್ನು ಸೆಳೆಯಲು ಒಂದು ಸೀಸೆ, ಕೊಲ್ಲಲು ಇನ್ನೊಂದು. ಎರಡನ್ನೂ ಬೆರೆಸಿ, ಹಲಗೆಗೆ ಹಚ್ಚಿ ಮರಕ್ಕೆ ಕಟ್ಟಬೇಕು. ನನ್ನ ಅಳತೆಯೇ ತಪ್ಪಿತೇನೋ ಅನ್ನಿಸಿತು. ಬಾಯಿಗೆ ಬಂದದ್ದು ಬೇರೆ.

"ಪಕ್ಕದ ತೋಟದವರು ಹಲಗೆ ಬದಲಾಯಿಸಿರಬಹುದು."

"ಆ ನನ್ಮಗನಾ!"

ಅವನು ಬೇಲಿ ಹಾರಿದ. ಆಚೆಯಿಂದ ಕೇಳಿದ ಚೀತ್ಕಾರ ಅರ್ಧಕ್ಕೇ ನಿಂತಿತು.

ಅವನ ಹೆಂಡತಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಮೇಡಂ, ಸತ್ತ ನೊಣ ತಿಂದು ನಮ್ಮ ಕೋಳಿ ಸಾಯ್ತವೆ ಅಂತ ವಿಷದ ಸೀಸೆ ಬೆರೆಸದೆ ಹಲಗೆ ಕಟ್ಟಿದ್ದು ನಾನೇ. ಅವ್ರಿಗೆ ಹೇಳ್ಬೇಡಿ, ನನ್ನನ್ನೂ ಬಿಡಲ್ಲ."